ಗುರುವಾರದ ಸಿಟಿಓ

ಬೆಂಗಳೂರಿನಿಂದ ಬಂದಿದ್ದ ಭಾಮೈದ ಠಾಣೆಯ ವಾಗ್ಲೆ ಎಸ್ಟೇಟಿನ ನಮ್ಮ ಗಾಲಾದಲ್ಲಿ (ಕೈಗಾರಿಕಾ ಮಳಿಗೆಗೆ ಇಲ್ಲಿ ಹಾಗೆನ್ನುತ್ತಾರೆ) ಚಹಾ ಕುಡಿಯುತ್ತಿದ್ದ. ಮೂಲೆ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವರನ್ನು ನೋಡಿ, "ಇವ್ರು ಯಾರು ಭಾವ?" ಅಂದ. ನಮ್ಮ ಸಿಟಿಓ, ಕಂಪನಿಯ ತಂತ್ರಜ್ಞಾನದ ಮುಖ್ಯಸ್ಥರು ಅಂದೆ. "ದಿನಾ ಬರ್ತಾರಾ?" ಇಲ್ಲ ಮಾರಾಯ, ಗುರುವಾರ ಗುರುವಾರ. ಅವನ ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಅವನದೂ ತಪ್ಪಲ್ಲ. ಅವನಿರುವ ಎಚ್‌ಎಸ್‌ಆರ್ ಲೇಔಟಿನಲ್ಲಿ ಸಿಟಿಓ ಎಂದರೆ ಕಂಪನಿಗೆ ತಾಳಿ ಕಟ್ಟಿದವನು. ಸಂಬಳ ಸಾಲದಿದ್ದರೆ ಷೇರು, ನಿದ್ದೆ ಸಾಲದಿದ್ದರೆ ಕಾಫಿ. ಮೂವತ್ತು ವರ್ಷ ಮುಂಬಯಿಯಲ್ಲಿ ಕಳೆದ ನನಗೆ ಅದೇ ವಿಚಿತ್ರ. ಈ ಊರಲ್ಲಿ ಪಾರ್ಟ್ ಟೈಮ್ ಅನ್ನುವುದು ಕೀಳು ಮಾತಲ್ಲ. ನಮ್ಮಪ್ಪ ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಹೋಗಿ ಓದಿದವರು. ನಮ್ಮ ಲೆಕ್ಕ ಬರೆಯುವವರು ಸೋಮವಾರ, ಬುಧವಾರ ನಮ್ಮಲ್ಲಿ. ಉಳಿದ ದಿನ ಇನ್ನು ನಾಲ್ಕು ಗಾಲಾಗಳಲ್ಲಿ. ಪಕ್ಕದವರ ಸಾಲ ಎಷ್ಟೆಂದು ಅವರಿಗೆ ಪೈಸೆ ಸಮೇತ ಗೊತ್ತು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನನ್ನೆದುರು ಬಾಯಿ ಬಿಟ್ಟಿಲ್ಲ. (ಅವರು ಬಡಿಯುವ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಮಾತ್ರ ಬೆಂಗಳೂರಿನದೇ, ಅದನ್ನು ಭಾಮೈದ ಹೆಮ್ಮೆಯಿಂದ ನೆನಪಿಸಿದ.)

ನಾವು ಹೋಟೆಲುಗಳಿಗೆ ಪಾತ್ರೆ, ಗ್ರೈಂಡರು, ದೋಸೆ ಕಾವಲಿ ಒದಗಿಸುವವರು. 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದ ವಾರ್ಷಿಕ ವಹಿವಾಟಿನವರಿಗೆ ಇ-ಇನ್‌ವಾಯ್ಸ್ (ಬಿಲ್ಲನ್ನು ಸರಕಾರದ ಪೋರ್ಟಲಿನಲ್ಲಿ ದಾಖಲಿಸುವುದು) ಕಡ್ಡಾಯವಾದಾಗ ನಮ್ಮ ಅವಸ್ಥೆ ಬಯಲಾಯಿತು. ಬಿಲ್ಲು ಒಂದು ಕಡೆ, ಸ್ಟಾಕು ಇನ್ನೊಂದು ಕಡೆ, ಆರ್ಡರೆಲ್ಲ ವಾಟ್ಸಾಪಿನಲ್ಲಿ. ಸಾಫ್ಟ್‌ವೇರ್ ಮಾರುವವರು ಸಾಲುಗಟ್ಟಿ ಬಂದರು. ಪ್ರತಿಯೊಬ್ಬನದೂ ಒಳ್ಳೆಯದೇ. ಅವರು ಕೂತ ಕಡೆಯಲ್ಲಿ ಅಲ್ಲ, ನಾನು ಕೂತ ಕಡೆಯಲ್ಲಿ ಕೂತು ಪ್ರಶ್ನೆ ಕೇಳುವ ಒಬ್ಬರು ಬೇಕಿತ್ತು. ಅಂಥವರನ್ನು ಪೂರ್ತಿ ಸಂಬಳಕ್ಕೆ ತರುವುದೆಂದರೆ ಗಾಲಾದ ಬಾಡಿಗೆ, ಜೊತೆಗೆ ನಾಲ್ಕು ಹುಡುಗರ ಪಗಾರ ಸೇರಿದರೂ ಸಾಲದು. ಅಷ್ಟು ಕೊಟ್ಟರೂ ವಾರದಲ್ಲಿ ನಾಲ್ಕು ದಿನ ಅವರಿಗೆ ಇಲ್ಲಿ ಕೆಲಸವೇನು?

ಹೀಗೆ ವಾರಕ್ಕೊಂದು ದಿನಕ್ಕೆ ಗೊತ್ತಾದ ಈ ಸಿಟಿಓ ಬಂದ ಮೊದಲ ಗುರುವಾರ ಸಾಫ್ಟ್‌ವೇರ್ ವಿಷಯವನ್ನೇ ಎತ್ತಲಿಲ್ಲ. ಗೆರೆ ಹಾಕಿದ ಒಂದು ಉದ್ದ ರೂಲ್ ಬುಕ್ ತರಿಸಿ, "ನಿಮ್ಮ ವೆಬ್‌ಸೈಟಿನ ಹೆಸರು ಯಾರ ಇಮೇಲಿನಲ್ಲಿ ರಿಜಿಸ್ಟರ್ ಆಗಿದೆ?" ಅಂದರು. ನನ್ನ ಮುಖ ಸಣ್ಣಗಾಯಿತು. ಸೈಟು ಮಾಡಿಕೊಟ್ಟ ಹುಡುಗ ತನ್ನದೇ ಇಮೇಲಿನಲ್ಲಿ ಮಾಡಿಸಿದ್ದ, ಆಮೇಲೆ ಕೆನಡಾಕ್ಕೆ ಹೋದ. ಹಿಂದಿನ ವರ್ಷ ನವೀಕರಣದ ನೋಟಿಸು ಅವನಿಗೇ ಹೋಗಿ, ಎರಡು ದಿನ ನಮ್ಮ ಮೇಲ್ ಸತ್ತು, ವಾಶಿಯ ಒಂದು ಆರ್ಡರು ಕೈಬಿಟ್ಟಿತ್ತು. ಅವನನ್ನು ಎಷ್ಟು ಬೈದಿದ್ದೆ! ಬೀಗ ನನ್ನದು, ಕೀಲಿ ಅವನ ಜೇಬಿನಲ್ಲಿ ಇಟ್ಟವನು ನಾನೇ. ಆ ಪುಸ್ತಕದಲ್ಲಿ ಈಗ ಹನ್ನೊಂದು ಪುಟ ತುಂಬಿದೆ: ಯಾವ ಖಾತೆ, ಯಾರ ಹೆಸರು, ಹಣ ಯಾವ ಕಾರ್ಡಿನಿಂದ. ಎಲ್ಲದರ ಮೂಲ ಖಾತೆ ಕಂಪನಿಯ ಹೆಸರಿಗೆ ಬಂದಿದೆ. ಅವರದೂ ಬರೀ ಒಂದು ಲಾಗಿನ್. ಬೇಕೆಂದಾಗ ನಾನು ಮುಚ್ಚಬಹುದು, ಹಾಗೆ ಮಾಡಿಸಿದವರು ಅವರೇ.

ಇನ್ನೊಂದು ಸಂಗತಿ ನಮ್ಮವರಿಗೆ ಹೆಚ್ಚಿನವರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಪ್ರೋಗ್ರಾಂ ಸಾಮಾನ್ಯವಾಗಿ ಮಾಲೀಕನದು. ಹೊರಗಿನವರು ಬರೆದುಕೊಟ್ಟದ್ದು, ಲಿಖಿತವಾಗಿ ವರ್ಗಾಯಿಸದಿದ್ದರೆ, ಸಾಮಾನ್ಯವಾಗಿ ಬರೆದವರದೇ. ದುಡ್ಡು ಕೊಟ್ಟ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಕಾಗದ ಮಾಡಿದರೂ ಅವಧಿ ಬರೆಯದಿದ್ದರೆ 19ನೇ ಕಲಮು ಅದನ್ನು 5 ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ. ದುಬೈಯಲ್ಲಿ ಒಂದು ಶಾಖೆ ತೆರೆಯುವ ಆಸೆ ಇರುವವರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ.

ಭಾಮೈದ ಇದನ್ನೆಲ್ಲ ಕೇಳಿ ಸುಮ್ಮನಾದ. ಅವನ ಕಂಪನಿಯಲ್ಲಿ ಕಾಲೇಜು ಗೆಳೆಯನೇ ಸಿಟಿಓ. ಷೇರನ್ನು ವರ್ಷಕ್ಕಿಷ್ಟು ಎಂದು ಕಂತು ಮಾಡದೆ ಮೊದಲ ದಿನವೇ ಕೊಟ್ಟುಬಿಟ್ಟಿದ್ದರು. ಒಂದೂವರೆ ವರ್ಷಕ್ಕೆ ಗೆಳೆಯ ಹೋದ, ಷೇರು ಅವನಲ್ಲೇ ಉಳಿಯಿತು. ಪೂರ್ತಿ ಹೊತ್ತು ನಮ್ಮವನಾಗಿದ್ದರೆ ಪೂರ್ತಿ ನಮ್ಮವನು ಎಂಬುದು ಬೆಂಗಳೂರಿನ ಭ್ರಮೆ ಅಂದೆ. ಆದರೆ ಒಂದು ಮಾತು ಒಪ್ಪಿದೆ: ಅವನು ಮಾರುವುದೇ ಸಾಫ್ಟ್‌ವೇರ್, ಅಲ್ಲಿ ಗುರುವಾರದವರು ಸಾಲದು. ನಾನು ಮಾರುವುದು ಕಾವಲಿ.

ನಮ್ಮ ಕಡೆ ಮದುವೆಗೆ ಭಟ್ಟರನ್ನು ಕರೆಸುತ್ತಾರೆ, ಹಾಗೆಂದು ದೇವರ ದೀಪ ಹಚ್ಚಲು ಭಟ್ಟರಿಗೆ ಕಾಯುವುದಿಲ್ಲ. ಹಾಗೇ ದಿನದ ಕೆಲಸಕ್ಕೆ ಒಳಗೊಬ್ಬ ಬೇಕೇ ಬೇಕು. ಸೈಬರ್ ಸುರಕ್ಷತೆಯ ಕೇಂದ್ರ ಸರಕಾರಿ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ 28ರ ಆದೇಶದಂತೆ ಸೈಬರ್ ದಾಳಿಯಾದರೆ ಗೊತ್ತಾದ 6 ತಾಸಿನೊಳಗೆ ವರದಿ ಮಾಡಬೇಕು. ದಾಳಿ ಮಾಡುವವನು ಗುರುವಾರವೇ ಬರುತ್ತಾನೆಂಬ ಭರವಸೆ ಏನು? ಸ್ಟಾಕು ನೋಡಿಕೊಳ್ಳುತ್ತಿದ್ದ ಬೈಂದೂರಿನ ಹುಡುಗನನ್ನೇ ಈಗ ಅವರ ಕೈಕೆಳಗೆ ಬಿಟ್ಟಿದ್ದೇನೆ. ಬ್ಯಾಕಪ್ ತೆಗೆದು ರೂಲ್ ಬುಕ್ಕಿನಲ್ಲಿ ದಿನಾ ಸಹಿ ಹಾಕುತ್ತಾನೆ. ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಹಳೆಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಮತ್ತೆ ಎಬ್ಬಿಸಿ ತೋರಿಸಬೇಕು. ಮೊದಲ ಸಲ ಎಬ್ಬಿಸಿದಾಗ ಮಾರ್ಚ್ ತಿಂಗಳ ಬಿಲ್ಲುಗಳೇ ಇರಲಿಲ್ಲ.

ಕರಾರಿನಲ್ಲಿ ಬರೆದಿರುವುದು ತಿಂಗಳಿಗೆ ನಾಲ್ಕು ಗುರುವಾರ. ಈ ತಿಂಗಳು ಐದು ಬಂದಿವೆ, ಐದಕ್ಕೂ ಬಂದಿದ್ದಾರೆ. ಐದನೆಯದರ ಮಾತು ಅವರು ಎತ್ತಿಲ್ಲ. ನಾನೂ ಎತ್ತಿಲ್ಲ.