ಲೋಷನ್ನಿನ ಹದ

ಸಾರು ನೀರಾದರೆ ತಿಳಿಸಾರು ಅನ್ನಬಹುದು. ಮಂದವಾದರೆ ಹುಳಿ. ಹೀಗೆ ಹೆಸರು ಬದಲಿಸಿಕೊಂಡೇ ಇಷ್ಟು ವರ್ಷ ಅಡುಗೆಮನೆ ನಡೆಸಿದವಳು ನಾನು. ಮೈಗೆ ಹಚ್ಚುವ ಲೋಷನ್ನಿಗೂ ಅದೇ ಕಣ್ಣಳತೆ ಸಾಕು ಅಂದುಕೊಂಡೆ.

ಮೊದಲ ಸಲ ಚೆನ್ನಾಗೇ ಬಂತು. ಎರಡನೇ ಸಲ ಮಜ್ಜಿಗೆ. ಬಾಟಲಿ ಬಗ್ಗಿಸಿದರೆ ಅಂಗೈಯಿಂದ ಮೊಣಕೈಗೆ ಓಟ. ಮೂರನೇ ಸಲ ಶ್ರೀಖಂಡ! ಬಾಟಲಿಯಿಂದ ಹೊರಗೇ ಬರಲಿಲ್ಲ, ಚಮಚದ ಹಿಡಿ ಹಾಕಿ ಕೆದಕಬೇಕಾಯ್ತು. ಸಾಮಾನು ಮಾತ್ರ ಅವೇ: ನೀರು, ಕೊಬ್ಬರಿ ಎಣ್ಣೆ, ಶಿರಸಿಯಿಂದ ತಂದ ಮುರುಗಲು ತುಪ್ಪ, ನೀರು-ಎಣ್ಣೆಯ ಜಗಳ ಬಿಡಿಸುವ ಎಮಲ್ಸಿಫೈಯಿಂಗ್ ವ್ಯಾಕ್ಸ್, ಕೆಡದ ಹಾಗೆ ಒಂದಿಷ್ಟು ಪ್ರಿಸರ್ವೇಟಿವ್.

ಕಳ್ಳ ಒಬ್ಬನೇ ಆಗಿದ್ದರೆ ಹಿಡಿಯುವುದು ಸುಲಭ ಇತ್ತು. ಮೊದಲು ಸಿಕ್ಕಿಬಿದ್ದದ್ದು ಚಮಚ. ಒಂದು ಪೊಟ್ಟಣದಲ್ಲಿ ವ್ಯಾಕ್ಸ್ ಅವಲಕ್ಕಿ ಥರ ಇತ್ತು, ಇನ್ನೊಂದರಲ್ಲಿ ಸಾಬಕ್ಕಿ ಥರ. ಅವಲಕ್ಕಿ ಚಮಚದಲ್ಲಿ ಉಬ್ಬಿ ಕೂರುತ್ತೆ, ತೂಕ ಇಲ್ಲ. ಆಮೇಲೆ ನೀರು. ಮುಚ್ಚಳ ಹಾಕದೆ 70 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬಿಟ್ಟು ಫೋನಲ್ಲಿ ಮಾತಾಡ್ತಾ ನಿಂತಿದ್ದೆ. ಆವಿಯಾಗಿ ಹೋದದ್ದಕ್ಕೆ ಲೆಕ್ಕ ಇಟ್ಟವರ್ಯಾರು? ಮುರುಗಲು ತುಪ್ಪದ್ದೂ ಪಾಲಿದೆ. ಅದು ಕರಗುವುದೇ 40 ಡಿಗ್ರಿ ಹತ್ತಿರ. ಒಂದು ತುಂಡು ಹೆಚ್ಚಾದರೂ ಲೋಷನ್ ಬಿಗಿಯುತ್ತೆ.

ದೊಡ್ಡ ಕಳ್ಳಿ ಮಾತ್ರ ನಾನೇ. ಬಿಸಿ ಇರುವಾಗ ಲೋಷನ್ ಹಾಲಿನಷ್ಟು ತೆಳ್ಳಗೇ ಇರುತ್ತೆ. ಆರುತ್ತಾ ಆರುತ್ತಾ, ಮಾರನೇ ದಿನದ ಹೊತ್ತಿಗೆ ಹದಕ್ಕೆ ಬರುತ್ತೆ. ನನಗೆಲ್ಲಿ ತಾಳ್ಮೆ? ನೀರಾಯ್ತು ಅಂತ ಇನ್ನೊಂದು ಚಮಚ ವ್ಯಾಕ್ಸ್ ಕರಗಿಸಿ ಸುರಿದೆ. ಸಾಲದು ಅನ್ನಿಸಿ ಮತ್ತೊಂದು. ಬೆಳಿಗ್ಗೆ ಎದ್ದು ನೋಡಿದರೆ ಶ್ರೀಖಂಡ.

ಈಗ ಪುಟ್ಟ ತಕ್ಕಡಿ ತಂದಿದ್ದೇನೆ. 500 ಗ್ರಾಂ ಲೋಷನ್ನಿಗೆ ನೀರು 375, ಎಣ್ಣೆ-ತುಪ್ಪ ಸೇರಿ 95, ವ್ಯಾಕ್ಸ್ 25, ಪ್ರಿಸರ್ವೇಟಿವ್ 5. ಕಾಯಿಸಿದ ಮೇಲೆ ನೀರನ್ನು ಮತ್ತೆ ತೂಗಿ, ಕಮ್ಮಿಯಾದಷ್ಟು ಬಿಸಿನೀರು ಸೇರಿಸುತ್ತೇನೆ. ಬ್ಲೆಂಡರ್ ಎಷ್ಟು ನಿಮಿಷ ಓಡಿತು ಅನ್ನುವುದನ್ನೂ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುತ್ತೇನೆ. ನಾಲ್ಕು ಸಲದಿಂದ ಒಂದೇ ಹದ.

ಆ ಶ್ರೀಖಂಡವನ್ನು ಎಸೆಯಲು ಮನಸ್ಸು ಬರದೆ ಡಬ್ಬಿಗೆ ತುಂಬಿ, ‘ಹಿಮ್ಮಡಿ ಕ್ರೀಮ್’ ಅಂತ ಚೀಟಿ ಅಂಟಿಸಿ ಶಿರಸಿಯ ಚಿಕ್ಕಮ್ಮನಿಗೆ ಕಳಿಸಿದ್ದೆ. ಮೊನ್ನೆ ಫೋನ್ ಬಂತು.

“ಈಗಿನದು ಸುಮ್ನೆ ನೀರು ಕಣೇ. ಆವತ್ತಿನದು ಹಚ್ಚಿದ್ದಕ್ಕೆ ಹಿಮ್ಮಡಿ ಒಡಕೆಲ್ಲಾ ಕೂಡಿತ್ತು. ಅದನ್ನೇ ಇನ್ನೊಂದು ಡಬ್ಬಿ ಮಾಡಿ ಕಳಿಸು.”

ಪುಸ್ತಕ ತಿರುವಿದೆ. ಆವತ್ತು ಏನೂ ಬರೆದಿರಲಿಲ್ಲ.