ಮೊದಲು ಬಂದವರಿಗೇ ಅಂಕ

ಪ್ರಶ್ನೋತ್ತರ ತಾಣಗಳಲ್ಲಿ ಅಂಕ ಯಾರಿಗೆ ಜಾಸ್ತಿ ಸಿಗುತ್ತದೆ ಎಂದು ನೋಡಿದರೆ ಬೇಜಾರಾಗುತ್ತದೆ. ಪ್ರೋಗ್ರಾಮಿಂಗ್ ಪ್ರಶ್ನೆಗಳ ತಾಣವಾದ ಸ್ಟ್ಯಾಕ್ ಓವರ್‌ಫ್ಲೋನ ಲೆಕ್ಕವನ್ನೇ ನೋಡಿ. ಉತ್ತರಕ್ಕೆ ಒಂದು ಮೆಚ್ಚುಗೆಯ ಮತ ಬಿದ್ದರೆ 10 ಅಂಕ. ಕೇಳಿದವರು ಅದನ್ನೇ ಒಪ್ಪಿಕೊಂಡರೆ ಇನ್ನೂ 15. ಪ್ರಶ್ನೆ ಎಷ್ಟು ಕಷ್ಟದ್ದು ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಎಲ್ಲರಿಗೂ ಅರ್ಥವಾಗುವ ಸುಲಭದ ಪ್ರಶ್ನೆಗೆ ಮತಗಳ ರಾಶಿ. ಕಷ್ಟದ್ದನ್ನು ಓದುವವರೇ ನಾಲ್ಕು ಜನ.

ಕೆಲವರು ಇದನ್ನು ಚೆನ್ನಾಗಿ ಅರಿತಿದ್ದಾರೆ. ಪ್ರಶ್ನೆ ಬಂದ ತಕ್ಷಣ ಎರಡು ಸಾಲು ಹಾಕಿ ಜಾಗ ಹಿಡಿಯುತ್ತಾರೆ. ಆಮೇಲೆ ತಿದ್ದಿ ತಿದ್ದಿ ಉದ್ದ ಮಾಡುತ್ತಾರೆ. ಹಳೆಯ ಉತ್ತರಗಳಂತೂ ವರ್ಷಗಟ್ಟಲೆ ಅಂಕ ತರುತ್ತಲೇ ಇರುತ್ತವೆ. (ಮತಗಳಿಂದ ದಿನಕ್ಕೆ 200 ಎಂಬ ಮಿತಿ ಇದೆ, ನಿಜ. ಆದರೆ ಒಪ್ಪಿಕೊಂಡ ಉತ್ತರದ ಅಂಕ ಅದರಲ್ಲಿ ಸೇರುವುದಿಲ್ಲ.)

ಒಮ್ಮೆ ಇಂಥದ್ದೇ ಒಂದು ತಾಣದಲ್ಲಿ ಮೂರು ಗಂಟೆ ಕೂತು, ಕೋಡ್ ಓಡಿಸಿ ನೋಡಿ, ಉತ್ತರ ಬರೆದೆ. ಒಂದೇ ಮತ ಬಿತ್ತು. ಅದೇ ದಿನ ಬೇರೊಬ್ಬರು ಯಾರದೋ ಕೋಡ್‌ನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದ್ದನ್ನು ತೋರಿಸಿ ಹತ್ತು ಪಟ್ಟು ಅಂಕ ಪಡೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಷ್ಟದ ಪ್ರಶ್ನೆ ಕೇಳಿದವರು ಉತ್ತರಕ್ಕಾಗಿ ಕಾಯುತ್ತಲೇ ಕೂತಿರಬೇಕು, ಅಲ್ವಾ?