ನಾಯಿಯ ವರ್ತನೆ ತಿದ್ದುತ್ತೇವೆನ್ನುವವರ ಅರ್ಹತೆಯನ್ನು ನಾವೇಕೆ ಕೇಳುವುದಿಲ್ಲ?

ಇಂದು ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕಂಡದ್ದನ್ನು ಬರೆಯದೆ ಇರಲಾಗುತ್ತಿಲ್ಲ. ಇನ್ನೂ ವರ್ಷ ತುಂಬಿರದ ಲ್ಯಾಬ್ರಡಾರ್. ಕೊರಳಲ್ಲಿ ಒಳಮುಖವಾಗಿ ಮುಳ್ಳುಗಳಿರುವ ಲೋಹದ ಪಟ್ಟಿ. ಬೇರೆ ನಾಯಿಯನ್ನು ಕಂಡು ಅದು ಗುರುಗುಟ್ಟಿದಾಗಲೆಲ್ಲ, ಅಂಗಿಯ ಮೇಲೆ 'ಡಾಗ್ ಬಿಹೇವಿಯರಿಸ್ಟ್' ಎಂದು ಅಚ್ಚು ಹಾಕಿಸಿಕೊಂಡಿದ್ದ ಯುವಕನೊಬ್ಬ ಹಗ್ಗವನ್ನು ಬಲವಾಗಿ ಜಗ್ಗುತ್ತಿದ್ದ. ಕೊನೆಗೆ ನಾಯಿ ಕಿವಿಗಳನ್ನು ಹಿಂದಕ್ಕೊತ್ತಿ, ಬಾಲವನ್ನು ಹೊಟ್ಟೆಯಡಿ ಸೇರಿಸಿ, ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುತ್ತ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತ ಮಿಸುಕಾಡದೆ ನಿಂತುಬಿಟ್ಟಿತು. "ನೋಡಿ ಮೇಡಂ, ಶಾಂತವಾಯಿತು" ಎಂದ ಆತ. ಭಯಕ್ಕೆ ಮರಗಟ್ಟಿದ ಪ್ರಾಣಿಯನ್ನು ತೋರಿಸಿ ಹಾಗೆಂದ. ಮನೆಯೊಡತಿ ನಂಬಿ ಹಣ ಕೊಟ್ಟರು.

ನಾನೂ ನಾಯಿಗಳ ವರ್ತನೆ ತಿದ್ದುವ ಇದೇ ಕೆಲಸದಲ್ಲಿದ್ದೇನೆ. ಹೀಗಾಗಿ ಇದನ್ನು ವೃತ್ತಿಮತ್ಸರವೆಂದು ಕೆಲವರು ಅಂದುಕೊಳ್ಳಬಹುದು; ಅಂದುಕೊಳ್ಳಲಿ. ನಮ್ಮ ದೇಶದಲ್ಲಿ ಪಶುವೈದ್ಯರಾಗಲು 1984ರ ಕಾಯ್ದೆಯಡಿ ನೋಂದಣಿ ಬೇಕು. ನಾಯಿಮರಿ ಹುಟ್ಟಿಸಿ ಮಾರುವವರಿಗೂ 2017ರ ನಿಯಮಗಳು ನೋಂದಣಿಯನ್ನು ಕಡ್ಡಾಯ ಮಾಡಿವೆ. ಆದರೆ ಕಚ್ಚುವ ನಾಯಿಯನ್ನು ಮಕ್ಕಳಿರುವ ಮನೆಯಲ್ಲಿ ಹೇಗೆ ಇಟ್ಟುಕೊಳ್ಳಬೇಕೆಂದು ಸಲಹೆ ಕೊಡಲು ಅಚ್ಚು ಹಾಕಿಸಿದ ಅಂಗಿಯೊಂದಿದ್ದರೆ ಸಾಕು.

ಅರ್ಹತೆ ಎಂದರೇನು ಎಂಬುದಕ್ಕೆ ಉತ್ತರವೇ ಇಲ್ಲವೆಂದಲ್ಲ. ಅಮೆರಿಕದಲ್ಲಿ 2001ರಲ್ಲಿ ಆರಂಭವಾದ ಶ್ವಾನ ತರಬೇತುದಾರರ ಪ್ರಮಾಣೀಕರಣ ಮಂಡಳಿ, ಕನಿಷ್ಠ 300 ಗಂಟೆಗಳ ತರಬೇತಿ ಅನುಭವವಿಲ್ಲದವರನ್ನು ಪರೀಕ್ಷೆಗೇ ಕೂರಿಸುವುದಿಲ್ಲ. ಪಾಸಾದವರೂ ನಿಗದಿತ ಅವಧಿಗೊಮ್ಮೆ ಹೊಸದನ್ನು ಕಲಿತೋ ಮತ್ತೆ ಪರೀಕ್ಷೆ ಬರೆದೋ ಪ್ರಮಾಣಪತ್ರ ನವೀಕರಿಸಿಕೊಳ್ಳಬೇಕು. 2004ರಲ್ಲಿ ಸ್ಥಾಪನೆಯಾದ ಪ್ರಾಣಿ ವರ್ತನಾ ಸಲಹೆಗಾರರ ಅಂತರರಾಷ್ಟ್ರೀಯ ಸಂಘ, ಅಭ್ಯರ್ಥಿಗಳು ತಾವು ನಿಭಾಯಿಸಿದ ಪ್ರಕರಣಗಳನ್ನು ವಿವರವಾಗಿ ಬರೆದುಕೊಡಬೇಕೆನ್ನುತ್ತದೆ. ಇನ್ನೂ ಮೇಲಿನ ಹಂತದಲ್ಲಿ, ಪಿಎಚ್.ಡಿ. ಮಾಡಿ ವರ್ಷಗಟ್ಟಲೆ ಕೆಲಸ ಮಾಡಿದ ಪ್ರಾಣಿ ವರ್ತನಾ ತಜ್ಞರಿದ್ದಾರೆ. ಪಶುವೈದ್ಯ ಪದವಿಯ ಮೇಲೆ ವರ್ತನಾ ಚಿಕಿತ್ಸೆಯನ್ನೇ ವಿಶೇಷವಾಗಿ ಕಲಿತ ವೈದ್ಯರಿದ್ದಾರೆ. ಇವ್ಯಾವುವೂ ಸರ್ಕಾರಿ ಪರವಾನಗಿಗಳಲ್ಲ. ವೃತ್ತಿಯವರೇ ತಮಗೆ ತಾವು ಹಾಕಿಕೊಂಡ ಕಟ್ಟುಪಾಡುಗಳಿವು. ಅದಕ್ಕೇ ನನಗೆ ಇವುಗಳ ಮೇಲೆ ಗೌರವ.

"ನಮ್ಮ ಅಜ್ಜ ಯಾವ ಸರ್ಟಿಫಿಕೇಟ್ ಇಟ್ಟುಕೊಂಡು ನಾಯಿ ಸಾಕಿದ್ದರು?" ಎಂದು ಕೇಳುವವರಿದ್ದಾರೆ. ಅಜ್ಜನ ನಾಯಿ ತೋಟದಲ್ಲಿ ತಿರುಗಾಡಿಕೊಂಡಿತ್ತು. ಹೆದರಿಕೆಯಾದರೆ ಹತ್ತು ಮಾರು ದೂರ ಸರಿದು ಕೂರುವ ಸ್ವಾತಂತ್ರ್ಯ ಅದಕ್ಕಿತ್ತು. ಏಳನೇ ಮಹಡಿಯ ನಾಯಿ ಲಿಫ್ಟಿನೊಳಗೆ ಎಲ್ಲಿಗೆ ಸರಿಯಬೇಕು? ಬೇಟೆಯನ್ನು ಕಣ್ಣಲ್ಲೇ ಹಿಡಿದು ಅಟ್ಟಿಸಿಕೊಂಡು ಹೋಗಲೆಂದು ತಲೆಮಾರುಗಳಿಂದ ಬೆಳೆಸಿದ ಮುಧೋಳ ನಾಯಿಯನ್ನು ಎರಡು ಬೆಡ್‌ರೂಮಿನ ಮನೆಯಲ್ಲಿಟ್ಟು, ಬೆಕ್ಕಿನ ಹಿಂದೆ ಓಡಿತೆಂದು ಹೊಡೆಸುವವರಿಗೆ ಅಜ್ಜನ ಉದಾಹರಣೆ ನೆರವಾಗುವುದಿಲ್ಲ.

ಆ ಯುವಕ ಹೇಳಿಕೊಟ್ಟ ಮಂತ್ರವೂ ಹಳೆಯದೇ: "ನೀವು ಲೀಡರ್ ಆಗಬೇಕು, ಇಲ್ಲದಿದ್ದರೆ ನಾಯಿ ಲೀಡರ್ ಆಗುತ್ತದೆ." ಈ ವಿಚಾರ ಹಬ್ಬಿದ್ದು ಸೆರೆಯಲ್ಲಿಟ್ಟ ತೋಳಗಳನ್ನು ಗಮನಿಸಿ ಪ್ರಾಣಿವಿಜ್ಞಾನಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಆದರೆ ಕಾಡಿನ ತೋಳಗಳ ಗುಂಪೆಂದರೆ ಲೀಡರ್ ಪಟ್ಟಕ್ಕೆ ಕಚ್ಚಾಡುವವರ ಕೂಟವಲ್ಲ, ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಸಂಸಾರ ಎಂದು ತೋಳಗಳ ಅಧ್ಯಯನಕಾರ ಡೇವಿಡ್ ಮೆಕ್ 1999ರಲ್ಲೇ ಬರೆದಿದ್ದಾರೆ. ಇಷ್ಟನ್ನೂ ಓದದವರು ನಮ್ಮ ನಾಯಿಗಳ ಕೊರಳು ಹಿಡಿದಿದ್ದಾರೆಂಬುದೇ ನನ್ನ ಸಿಟ್ಟು. ಗುರುಗುಟ್ಟಿದ್ದಕ್ಕೆ ಶಿಕ್ಷೆ ಅನುಭವಿಸಿದ ನಾಯಿ ಗುರುಗುಟ್ಟುವುದನ್ನು ಬಿಡಬಹುದು, ಆದರೆ ಹೆದರುವುದನ್ನು ಬಿಡುವುದಿಲ್ಲ. ಮುಂದೊಂದು ದಿನ ಸೂಚನೆಯನ್ನೇ ಕೊಡದೆ ಬಾಯಿ ಹಾಕಬಹುದು. ಆಗ ನಾಯಿಯನ್ನು ಬೀದಿಗೆ ಬಿಡುತ್ತಾರೆ. ಅಂಥ ನಾಯಿಗಳು ನನ್ನ ಬಳಿ ಬರುತ್ತವೆ. ನಾನು ಕೈಯೆತ್ತಿದರೆ ಸಾಕು, ಅವು ಮೂಲೆ ಸೇರುವುದನ್ನು ನೋಡಿ ರಾತ್ರಿ ನಿದ್ದೆ ಬಾರದೆ ಒದ್ದಾಡಿದ್ದೇನೆ.

ಹಣ ಕೊಡುವ ಮೊದಲು ದಯವಿಟ್ಟು ಕೇಳಿ: ಎಲ್ಲಿ ಕಲಿತಿರಿ, ಯಾರ ಕೈಕೆಳಗೆ ಕೆಲಸ ಮಾಡಿದಿರಿ, ನನ್ನ ನಾಯಿ ತಪ್ಪು ಮಾಡಿದರೆ ಅದಕ್ಕೆ ಏನು ಮಾಡುತ್ತೀರಿ? ಇದ್ದಕ್ಕಿದ್ದಂತೆ ಕೆರಳಲು ಶುರುಮಾಡಿದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ ಎಂದು ಹೇಳದವರನ್ನು ಒಪ್ಪಿಕೊಳ್ಳಬೇಡಿ, ಏಕೆಂದರೆ ಕಿವಿಯ ಸೋಂಕೋ ಸೊಂಟದ ಕೀಲುನೋವೋ ಆ ಸಿಟ್ಟಿನ ಹಿಂದೆ ಇರಬಹುದು. ತಾವು ಕೆಲಸ ಮಾಡುವಾಗ ನೀವು ಪಕ್ಕದಲ್ಲಿರಬಾರದು ಎನ್ನುವವರ ಕೈಗಂತೂ ನಾಯಿಯ ಹಗ್ಗವನ್ನು ಕೊಡಲೇಬೇಡಿ.